ಸ್ಟುಡಿಯೊ ಕಂಪ್ಯೂಟರಿನ ಬಿಸಿ ಮತ್ತು ಫ್ಯಾನಿನ ಸದ್ದು: ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಆಗುವುದೇನು?

ಪ್ರಶ್ನೆ: ಹನುಮಂತನಗರದ ನಮ್ಮ ಮನೆಯ ಮೊದಲ ಮಹಡಿಯಲ್ಲಿ 10 ಅಡಿಗೆ 12 ಅಡಿಯ ಕೋಣೆಯೊಂದನ್ನು ಧ್ವನಿಮುದ್ರಣಕ್ಕೆಂದು ಸಿದ್ಧಮಾಡಿಕೊಂಡಿದ್ದೇನೆ. ಹೆಚ್ಚಾಗಿ ವೀಣೆ, ಭಾವಗೀತೆ ಮತ್ತು ಆಡಿಯೊ ಪುಸ್ತಕಗಳ ಕೆಲಸ. ಹಾಡುವವರೂ ಕಂಪ್ಯೂಟರೂ ಒಂದೇ ಕೋಣೆಯಲ್ಲಿರಬೇಕಾದ ಪರಿಸ್ಥಿತಿ. ಕಂಪ್ಯೂಟರಿನಲ್ಲಿ ಇಂಟೆಲ್ ಐ7 12700ಕೆ ಪ್ರೊಸೆಸರ್, ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್, ಎರಡು ಹಾರ್ಡ್ ಡಿಸ್ಕ್ ಇವೆ. ಫ್ಯಾನಿನ ಸದ್ದು ಮೈಕಿನಲ್ಲಿ ಕೇಳಿಸುತ್ತಿದ್ದುದರಿಂದ ಬಡಗಿಯ ಕೈಲಿ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿ, ಒಳಗೆಲ್ಲ ರಾಕ್‌ವೂಲ್ (ಸದ್ದು ಹೀರುವ ಕಲ್ಲುನಾರಿನ ಹಾಸು) ಹಾಕಿಸಿ, ಕಂಪ್ಯೂಟರನ್ನು ಅದರೊಳಗೆ ಇಟ್ಟೆ. ಹಿಂದೆ ಕೇಬಲ್ಲಿಗೆಂದು ಕೈ ತೂರುವಷ್ಟು ರಂಧ್ರವಿದೆ. ಸದ್ದೇನೋ ನಿಂತಿತು, ಆದರೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ವೀಣೆಯವರು ಆಲಾಪನೆ ಮುಗಿಸುವ ಹೊತ್ತಿಗೆ ಕಂಪ್ಯೂಟರ್ ತಾನಾಗಿಯೇ ಆರಿಹೋಯಿತು. ಈಗ ಪೆಟ್ಟಿಗೆಯ ಬಾಗಿಲು ತೆರೆದಿಟ್ಟು ಕೆಲಸ ಮಾಡುತ್ತಿದ್ದೇನೆ, ಸದ್ದು ಮತ್ತೆ ಬಂದಿದೆ. ಪ್ರೊಸೆಸರ್ ಕೆಟ್ಟಿರಬಹುದೇ? ವಾಟರ್ ಕೂಲಿಂಗ್ ಹಾಕಿಸಿದರೆ ಸದ್ದೇ ಇರುವುದಿಲ್ಲ ಎನ್ನುತ್ತಾರೆ, ನಿಜವೇ? ಅಥವಾ ಕಂಪ್ಯೂಟರನ್ನೇ ಕೋಣೆಯಿಂದ ಹೊರಗಿಡಬೇಕೇ? ಒಂದು ಬದಿಯಲ್ಲಿ ಮಗಳ ಓದುವ ಕೋಣೆ, ಇನ್ನೊಂದು ಬದಿಯಲ್ಲಿ ತಾರಸಿ ಮೆಟ್ಟಿಲ ಕೆಳಗೆ ಹಳೆಯ ಸಾಮಾನು ಇಡುವ ಸಣ್ಣ ಜಾಗ ಇದೆ. ಖರ್ಚು ಮೂವತ್ತು ಸಾವಿರ ರೂಪಾಯಿ ದಾಟಬಾರದು.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಬಿಸಿಯಿಂದ ಯಂತ್ರ ಕೆಡುತ್ತದೆಂಬುದು ಒಂದು, ಅದನ್ನು ತಣಿಸಲು ಹೊರಟರೆ ಧ್ವನಿಮುದ್ರಣ ಕೆಡುತ್ತದೆಂಬುದು ಇನ್ನೊಂದು. ಬೆಂಗಳೂರಿನಲ್ಲಿ ಸ್ಟುಡಿಯೊಗಳ ಶಬ್ದವಿನ್ಯಾಸದ ಕೆಲಸ ಮಾಡುತ್ತ ಇಪ್ಪತ್ತು ವರ್ಷ ಕಳೆದಿರುವ ನನಗೆ ಇವೆರಡೂ ಬೇರೆ ಬೇರೆ ಸಮಸ್ಯೆಗಳಾಗಿ ಕಾಣುವುದಿಲ್ಲ. ಕಂಪ್ಯೂಟರಿನೊಳಗೆ ಹುಟ್ಟಿದ ಬಿಸಿಯನ್ನು ಅವಸರದಲ್ಲಿ ಹೊರಹಾಕಲು ನಾವು ತೆರುವ ಬೆಲೆಯೇ ಸದ್ದು. ಅವಸರ ಕಡಿಮೆಯಾದಷ್ಟೂ ಸದ್ದು ಕಡಿಮೆಯಾಗುತ್ತದೆ. ನೀವು ಮಾಡಿಸಿದ ಪೆಟ್ಟಿಗೆ ಬಿಸಿ ಹೊರಹೋಗುವ ದಾರಿಯನ್ನೇ ಮುಚ್ಚಿ ಸದ್ದನ್ನು ನಿಲ್ಲಿಸಿತು, ಆದ್ದರಿಂದ ಮೊದಲ ಬೇಸಿಗೆಯಲ್ಲೇ ಸೋತಿತು.

ಮೊದಲು ಸಮಾಧಾನದ ಮಾತು. ಪ್ರೊಸೆಸರ್ ಬಹುಮಟ್ಟಿಗೆ ಕೆಟ್ಟಿಲ್ಲ. ನಿಮ್ಮಲ್ಲಿರುವ ಪ್ರೊಸೆಸರಿಗೆ ತಯಾರಕರು ಗೊತ್ತುಮಾಡಿರುವ ಗರಿಷ್ಠ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್. ಅದನ್ನು ಮುಟ್ಟಿದೊಡನೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅಷ್ಟಾದರೂ ಬಿಸಿ ಇಳಿಯದಿದ್ದರೆ ವಿದ್ಯುತ್ತನ್ನೇ ಕಡಿದುಕೊಂಡು ಆರಿಹೋಗುತ್ತದೆ. ಅಂದು ನಡೆದದ್ದು ಇದೇ ಇರಬೇಕು, ಅಂದರೆ ರಕ್ಷಣೆಯ ವ್ಯವಸ್ಥೆ ತನ್ನ ಕೆಲಸ ಮಾಡಿದೆ. ಇದೇ ಸ್ಥಿತಿಯಲ್ಲಿ ಹೆಚ್ಚು ನರಳುವವು ಪ್ರೊಸೆಸರಿನ ಅಕ್ಕಪಕ್ಕದ ಭಾಗಗಳು. ಪವರ್ ಸಪ್ಲೈ ಮತ್ತು ಮದರ್‌ಬೋರ್ಡಿನ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳ ಆಯುಸ್ಸು ಉಷ್ಣತೆ ಪ್ರತಿ 10 ಡಿಗ್ರಿ ಏರಿದಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂಬುದು ನಮ್ಮ ವೃತ್ತಿಯಲ್ಲಿ ಎಲ್ಲರೂ ಬಳಸುವ ಲೆಕ್ಕ. ಹಾರ್ಡ್ ಡಿಸ್ಕುಗಳಿಗೆ ಸಾಮಾನ್ಯವಾಗಿ 60 ಡಿಗ್ರಿಯ ಮಿತಿ ಹಾಕಿರುತ್ತಾರೆ. ಆದ್ದರಿಂದ ಆ ಡಿಸ್ಕುಗಳಲ್ಲಿರುವ ಮುದ್ರಣಗಳಿಗೆ ಇನ್ನೊಂದು ಪ್ರತಿ ಇಲ್ಲದಿದ್ದರೆ, ಈ ಉತ್ತರವನ್ನು ಮುಂದೆ ಓದುವ ಮೊದಲು ಪ್ರತಿ ಮಾಡಿಟ್ಟುಕೊಳ್ಳಿ.

ಕಂಪ್ಯೂಟರ್ ತಣ್ಣಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯೊಂದಿದೆ. ಇದು ಆಟಗಳಿಗಾಗಿ ಕಂಪ್ಯೂಟರ್ ಕಟ್ಟುವ ಹುಡುಗರಿಂದ ಸ್ಟುಡಿಯೊಗಳಿಗೆ ಬಂದದ್ದು. ಪ್ರೊಸೆಸರನ್ನು 50 ಡಿಗ್ರಿಯಲ್ಲಿ ಇಟ್ಟವನ ಮುದ್ರಣ 80 ಡಿಗ್ರಿಯಲ್ಲಿ ಇಟ್ಟವನ ಮುದ್ರಣಕ್ಕಿಂತ ಚೆನ್ನಾಗಿರುವುದಿಲ್ಲ. ಸ್ಟುಡಿಯೊಗೆ ಬೇಕಾದದ್ದು ಏರಿಳಿತವಿಲ್ಲದ ಸ್ಥಿತಿ. 48 ಕಿಲೊಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಪ್ರೊಸೆಸರ್ ಒಂದು ಸಲಕ್ಕೆ ಕೈಗೆತ್ತಿಕೊಳ್ಳುವ ಧ್ವನಿಯ ತುಣುಕು) ಇಟ್ಟು ಮುದ್ರಿಸುವಾಗ ಪ್ರತಿ 2.67 ಮಿಲಿಸೆಕೆಂಡಿಗೊಮ್ಮೆ ಪ್ರೊಸೆಸರ್ ತನ್ನ ಪಾಲಿನ ಲೆಕ್ಕ ಒಪ್ಪಿಸಬೇಕು. ಬಿಸಿಯಿಂದಾಗಿ ವೇಗ ತಟ್ಟನೆ ಇಳಿದು ಆ ಗಡುವು ಒಮ್ಮೆ ತಪ್ಪಿದರೆ 'ಟಿಕ್' ಎಂಬ ಸದ್ದು ಮುದ್ರಣದಲ್ಲಿ ಉಳಿದುಬಿಡುತ್ತದೆ. ನಾನು ಕೆಲಸ ಮಾಡಿಕೊಡುವ ಕಡೆಗಳಲ್ಲಿ ಮುದ್ರಣದ ವೇಳೆ 75 ಡಿಗ್ರಿಯ ಆಸುಪಾಸಿನಲ್ಲಿ ನಿಂತರೆ ತೃಪ್ತಿಪಟ್ಟುಕೊಳ್ಳುತ್ತೇನೆ, 85 ದಾಟಿದರೆ ಮಾತ್ರ ಕಾರಣ ಹುಡುಕುತ್ತೇನೆ. ಉಷ್ಣತೆ ಸರಿಯಾಗಿದ್ದೂ ಟಿಕ್ ಸದ್ದು ಬರುತ್ತಿದ್ದರೆ ಅದಕ್ಕೆ ಬಿಸಿ ಕಾರಣವಲ್ಲ. ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರಿನ ಕಡೆ ನೋಡಬೇಕು.

ಇನ್ನು ಪೆಟ್ಟಿಗೆಯ ಲೆಕ್ಕ. ಕಂಪ್ಯೂಟರ್ ಗೋಡೆಯ ಪ್ಲಗ್ಗಿನಿಂದ 200 ವ್ಯಾಟ್ ಎಳೆದುಕೊಂಡರೆ ಅಷ್ಟೂ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಎರಡು ಅಡಿ ಅಗಲ, ಎರಡು ಅಡಿ ಆಳ, ಮೂರು ಅಡಿ ಎತ್ತರದ ಪೆಟ್ಟಿಗೆಯನ್ನು 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಮಾಡಿ ಪೂರ್ತಿ ಮುಚ್ಚಿದರೆ, ಅದರ ಆರೂ ಮೈಗಳಿಂದ ಆ 200 ವ್ಯಾಟ್ ಸೋರಿ ಹೊರಹೋಗಬೇಕಾದರೆ ಒಳಗಿನ ಗಾಳಿ ಹೊರಗಿನದಕ್ಕಿಂತ ಸುಮಾರು 25 ಡಿಗ್ರಿ ಹೆಚ್ಚು ಬಿಸಿಯಾಗಬೇಕು. ಕೋಣೆ 32 ಡಿಗ್ರಿ ಇದ್ದರೆ ಪೆಟ್ಟಿಗೆಯೊಳಗೆ 57. ಕಷ್ಟಪಟ್ಟು ನಡೆಯಬಹುದು ಅನ್ನಿ. ಆದರೆ ನೀವು ಒಳಗೆ ರಾಕ್‌ವೂಲ್ ಹಾಕಿಸಿದ್ದೀರಿ. ಎರಡು ಇಂಚಿನ ರಾಕ್‌ವೂಲ್ ಸೇರಿಸಿ ಅದೇ ಲೆಕ್ಕ ಮಾಡಿದರೆ ವ್ಯತ್ಯಾಸ ನೂರು ಡಿಗ್ರಿಯನ್ನೂ ಮೀರುತ್ತದೆ. ಅಂದರೆ ಪೆಟ್ಟಿಗೆ ಒಂದು ಸ್ಥಿತಿಗೆ ಬಂದು ನಿಲ್ಲುವ ಮೊದಲೇ ಕಂಪ್ಯೂಟರ್ ಆರಿಹೋಗುತ್ತದೆ. ಸದ್ದನ್ನು ಹೀರುವ ವಸ್ತುವೇ ಬಿಸಿಯನ್ನು ಹೊರಬಿಡದ ವಸ್ತುವೂ ಆಗಿರುವುದು ಈ ಕೆಲಸದ ದೊಡ್ಡ ತಾಪತ್ರಯ. ನಾನೂ ಕೆಲಸಕ್ಕೆ ಇಳಿದ ಹೊಸತರಲ್ಲಿ ಒಬ್ಬರಿಗೆ ಇಂಥದೇ ಪೆಟ್ಟಿಗೆ ಮಾಡಿಸಿಕೊಟ್ಟಿದ್ದೆ. ಡಿಸೆಂಬರಿನಲ್ಲಿ ಭೇಷ್ ಎನ್ನಿಸಿಕೊಂಡು ಮಾರ್ಚಿನಲ್ಲಿ ಹಣ ಹಿಂದಿರುಗಿಸಿದೆ.

ಊರಿನ ಹವೆಯೂ ಲೆಕ್ಕಕ್ಕೆ ಬರಬೇಕು. ಬೆಂಗಳೂರು ತಂಪು ಊರೆಂಬ ಮಾತನ್ನು ನಂಬಿ ಕಟ್ಟಿದ ಸ್ಟುಡಿಯೊಗಳು ಬೇಸಿಗೆಯಲ್ಲಿ ತೊಂದರೆಗೆ ಸಿಕ್ಕುವುದನ್ನು ನೋಡಿದ್ದೇನೆ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ವಿದೇಶದವರು 20 ಡಿಗ್ರಿಯ ಕೋಣೆಯಲ್ಲಿ ಕುಳಿತು ಹೇಳುವ ಅಂಕಿಗಳಿಗೆ ನಾವು 12 ಅಥವಾ 14 ಡಿಗ್ರಿ ಸೇರಿಸಿಕೊಂಡು ಓದಬೇಕು, ಏಕೆಂದರೆ ಕೋಣೆ ಎಷ್ಟು ಬಿಸಿಯಾಗುತ್ತದೋ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ನಮ್ಮ ಊರಿನ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಹತ್ತನೇ ಒಂದು ಪಾಲು ತೆಳುವಾಗಿರುವುದರಿಂದ, ಅಷ್ಟೇ ಬಿಸಿಯನ್ನು ಹೊತ್ತೊಯ್ಯಲು ಇಲ್ಲಿ ತುಸು ಹೆಚ್ಚು ಗಾಳಿ ಬೇಕು. ಇದು ಚಿಕ್ಕ ವಿಷಯ, ಆದರೂ ಅಂಚಿನಲ್ಲಿ ನಿಂತ ವಿನ್ಯಾಸಕ್ಕೆ ಅದೇ ಸಾಕು.

ಸದ್ದಿನ ಕಡೆಗೆ ಬರೋಣ. ಎಷ್ಟು ಸದ್ದಿದೆ ಎನ್ನುವುದಕ್ಕಿಂತ ಅದು ಎಂಥ ಸದ್ದು ಎನ್ನುವುದು ನಿಮ್ಮ ಕೆಲಸಕ್ಕೆ ಮುಖ್ಯ. ಒಂಬತ್ತು ರೆಕ್ಕೆಗಳ ಫ್ಯಾನ್ ನಿಮಿಷಕ್ಕೆ 1,170 ಸುತ್ತು ತಿರುಗಿದರೆ ಅದರ ಗುಂಯ್ ಎಂಬ ದನಿ ಸುಮಾರು 175 ಹರ್ಟ್ಸ್ ಆಗುತ್ತದೆ. ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ ಅದು ಬಿಳಿ ನಾಲ್ಕರ ಷಡ್ಜ. ಹಾಡುವವರ ಶ್ರುತಿ ಅದರ ಪಕ್ಕದ ಮನೆಯಲ್ಲಿದ್ದರೆ, ತಂಬೂರಿಯ ಜೊತೆಗೆ ಅಪಶ್ರುತಿಯ ಇನ್ನೊಂದು ತಂಬೂರಿ ಕುಳಿತಂತೆ. ಪ್ರೊಸೆಸರಿನ ಕೆಲಸ ಹೆಚ್ಚಿದಾಗ ಫ್ಯಾನ್ ವೇಗ ಪಡೆಯುತ್ತದೆ, ಆಗ ಆ ಶ್ರುತಿಯೂ ಜಾರುತ್ತದೆ. ಒಂದೇ ಸಮನೆ ಇರುವ 'ಸ್' ಎಂಬ ಗಾಳಿಯ ಸದ್ದನ್ನು ಕಿವಿ ಕ್ಷಮಿಸುತ್ತದೆ, ಮಿಕ್ಸಿಂಗಿನಲ್ಲಿ ತಂತ್ರಾಂಶದ ನೆರವಿನಿಂದ ಅದನ್ನು ಒಂದಿಷ್ಟು ತೆಗೆಯಲೂಬಹುದು. ಏರಿಳಿಯುವ ಸ್ವರವನ್ನು ತೆಗೆಯಲು ಹೋದರೆ ವೀಣೆಯ ಮೀಟಿನ ಕೊನೆಯ ನಾದವೂ ಅದರ ಜೊತೆ ಹೋಗುತ್ತದೆ. ನಿಮ್ಮ ಹಾರ್ಡ್ ಡಿಸ್ಕುಗಳು ನಿಮಿಷಕ್ಕೆ 7,200 ಸುತ್ತಿನವಾಗಿದ್ದರೆ ಅವು 120 ಹರ್ಟ್ಸ್‌ನಲ್ಲಿ ಮೇಜನ್ನೇ ನಡುಗಿಸುತ್ತಿರುತ್ತವೆ. ಮೈಕ್ ಸ್ಟ್ಯಾಂಡ್ ಅದೇ ಮೇಜಿನ ಮೇಲಿದ್ದರೆ ಹೇಳುವುದೇ ಬೇಡ.

ವೀಣೆ ದನಿ ಕಡಿಮೆಯ ವಾದ್ಯ. ಅದರ ಮುದ್ರಣವನ್ನು ಕಂಪ್ರೆಸರಿಗೆ (ಜೋರು, ಮೆಲು ಸದ್ದುಗಳ ಅಂತರ ತಗ್ಗಿಸುವ ಸಾಧನ) ಹಾಕಿ 10 ಡೆಸಿಬೆಲ್ ಎತ್ತಿದರೆ ಹಿಂದಿನ ಸದ್ದೂ 10 ಡೆಸಿಬೆಲ್ ಎದ್ದು ನಿಲ್ಲುತ್ತದೆ. ಆಡಿಯೊ ಪುಸ್ತಕದಲ್ಲೂ ಇದೇ ಕಥೆ, ಅಲ್ಲಿ ಎರಡು ವಾಕ್ಯಗಳ ನಡುವಿನ ಮೌನವೇ ಕೇಳುಗನ ಕಿವಿಯ ಮುಂದಿರುತ್ತದೆ. ಆದ್ದರಿಂದ ಏನನ್ನೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಮೈಕನ್ನು ವೀಣೆಗೆ ಇಡುವ ಜಾಗದಲ್ಲೇ ಇಟ್ಟು, ಗೇನ್ (ಮೈಕಿನ ಮಟ್ಟ ಏರಿಸಿ ಇಳಿಸುವ ಗುಂಡಿ) ಮುಟ್ಟದೆ, ಯಾರೂ ಅಲುಗಾಡದೆ ಒಂದು ನಿಮಿಷದ ಮೌನವನ್ನು ಕಂಪ್ಯೂಟರಿನಲ್ಲಿ ಮುದ್ರಿಸಿ. ಆಮೇಲೆ ಕಂಪ್ಯೂಟರನ್ನು ಪೂರ್ತಿ ಆರಿಸಿ, ಅದೇ ಮೈಕಿನ ಮೌನವನ್ನು ಒಂದು ಲ್ಯಾಪ್‌ಟಾಪ್ ಅಥವಾ ಕೈಯಲ್ಲಿ ಹಿಡಿಯುವ ರೆಕಾರ್ಡರಿಗೆ ಅಷ್ಟೇ ಮಟ್ಟದಲ್ಲಿ ಮುದ್ರಿಸಿ. ಎರಡನ್ನೂ ಎತ್ತರಿಸಿ ಕೇಳಿ. ಹೀಗೆ ಕೇಳಿದ ಮೇಲೆ, ತಾವು ಕಂಪ್ಯೂಟರಿನದೆಂದು ತಿಳಿದಿದ್ದ ಸದ್ದು ಯುಪಿಎಸ್‌ನದೆಂದೋ, ಕೆಳಮನೆಯ ಫ್ರಿಜ್ಜಿನದೆಂದೋ ಕಂಡುಕೊಂಡವರಿದ್ದಾರೆ. ಮೊಬೈಲಿನಲ್ಲಿ ಡೆಸಿಬೆಲ್ ತೋರಿಸುವ ಆ್ಯಪ್‌ಗಳನ್ನು ಇಷ್ಟು ಕೆಳಮಟ್ಟದ ಸದ್ದಿಗೆ ನೆಚ್ಚಬೇಡಿ.

ಈಗ ಪರಿಹಾರ. ಬಿಸಿಯನ್ನು ಹೊರಹಾಕುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದು ಸುಲಭ, ಮತ್ತು ಅದಕ್ಕೆ ಖರ್ಚಿಲ್ಲ. 12700ಕೆ ಪ್ರೊಸೆಸರಿನ ಮೂಲ ವಿದ್ಯುತ್ ಮಿತಿ 125 ವ್ಯಾಟ್. ಆದರೆ ಅವಕಾಶ ಸಿಕ್ಕಾಗ ಅದು 190 ವ್ಯಾಟ್ ವರೆಗೆ ಹೋಗುತ್ತದೆ. ಹಲವು ಮದರ್‌ಬೋರ್ಡುಗಳು ಆ ಮಿತಿಯನ್ನೂ ಸಡಿಲ ಬಿಟ್ಟಿರುತ್ತವೆ. ಬಯೋಸ್ (ಕಂಪ್ಯೂಟರ್ ಶುರುವಾಗುವಾಗಲೇ ತೆರೆಯಬಹುದಾದ ಮೂಲ ಸೆಟ್ಟಿಂಗಿನ ಪುಟ) ತೆರೆದು ದೀರ್ಘಾವಧಿ ಮತ್ತು ಅಲ್ಪಾವಧಿಯ ವಿದ್ಯುತ್ ಮಿತಿಗಳೆರಡನ್ನೂ 90 ವ್ಯಾಟಿಗೆ ಕಟ್ಟಿ. ಐದಾರು ಟ್ರ್ಯಾಕುಗಳ ವೀಣೆ, ಮೃದಂಗ, ಗಾಯನದ ಮುದ್ರಣಕ್ಕೆ ಅದು ಧಾರಾಳವಾಗಿ ಸಾಕು. ಮಿಕ್ಸ್ ಮುಗಿಸಿ ಕೊನೆಯ ಫೈಲ್ ಹೊರತೆಗೆಯುವಾಗ ಒಂದಷ್ಟು ಹೊತ್ತು ಹೆಚ್ಚು ಹಿಡಿಯಬಹುದು, ಆ ಹೊತ್ತಿನಲ್ಲಿ ಕಾಫಿ ಕುಡಿಯಿರಿ. ನಿಮ್ಮ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಒಳಗೇ ಇದೆ. ವೀಡಿಯೊ ಕೆಲಸ ಇಲ್ಲವಾದರೆ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಎತ್ತಿಡಿ, ಅದರ ಬಿಸಿಯೂ ಅದರ ಫ್ಯಾನುಗಳೂ ಒಟ್ಟಿಗೆ ಹೋಗುತ್ತವೆ. ಹಾರ್ಡ್ ಡಿಸ್ಕುಗಳ ಜಾಗಕ್ಕೆ ಎಸ್ಎಸ್‌ಡಿ ಹಾಕಿಸಿ, ಹಳೆಯವನ್ನು ಹೊರಗಿನ ಪೆಟ್ಟಿಗೆಗೆ ಹಾಕಿ ಬ್ಯಾಕಪ್ಪಿಗೆ ಮಾತ್ರ ಬಳಸಿ. ಮುದ್ರಿಸುವಾಗ ಭಾರವಾದ ರಿವರ್ಬ್ ಮುಂತಾದ ಪ್ಲಗ್‌ಇನ್‌ಗಳಿರುವ ಟ್ರ್ಯಾಕುಗಳನ್ನು ಫ್ರೀಜ್ ಮಾಡಿಟ್ಟರೆ, ಅಂದರೆ ಅವುಗಳ ಫಲಿತವನ್ನು ಮೊದಲೇ ಫೈಲಾಗಿ ಉಳಿಸಿಟ್ಟರೆ, ಪ್ರೊಸೆಸರಿನ ಹೊರೆ ಇನ್ನೂ ಇಳಿಯುತ್ತದೆ.

ಇಷ್ಟಾದ ಮೇಲೆ ಉಳಿಯುವ ಬಿಸಿಯನ್ನು ನಿಧಾನವಾಗಿ ಸಾಗಿಸಬೇಕು. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಒಂದೇ ಬಗೆಯ ಮೂರು ಫ್ಯಾನುಗಳನ್ನು ಸೇರಿಸಿದರೆ ಸದ್ದು ಏರುವುದು 5 ಡೆಸಿಬೆಲಿನಷ್ಟೇ. ಆದ್ದರಿಂದ 1,500 ಸುತ್ತಿನ ಒಂದು ಫ್ಯಾನಿನ ಬದಲು 750 ಸುತ್ತಿನ ಮೂರನ್ನು ಹಾಕಿದರೆ, ಗಾಳಿ ಲೆಕ್ಕದಲ್ಲಿ ಒಂದೂವರೆ ಪಾಲಾಗಿ ಸದ್ದು 10 ಡೆಸಿಬೆಲಿನಷ್ಟು ಕಡಿಮೆಯಾಗುತ್ತದೆ. ಫ್ಯಾನು ಕಡಿಮೆಯಿದ್ದಷ್ಟೂ ಸದ್ದು ಕಡಿಮೆ ಎನ್ನುವವರಿಗೆ ಈ ಲೆಕ್ಕ ಹಿಡಿಸುವುದಿಲ್ಲ, ಆದರೆ ಕಿವಿಗೆ ಹಿಡಿಸುತ್ತದೆ. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದಾಗ ಬಣ್ಣಬಣ್ಣದ ದೀಪದ ಫ್ಯಾನುಗಳನ್ನು ತೋರಿಸುತ್ತಾರೆ. ದೀಪಕ್ಕೆ ಕೊಡುವ ಹಣವನ್ನು ಬೇರಿಂಗಿಗೆ ಕೊಡಿ. 140 ಮಿಲಿಮೀಟರಿನ, ಕನಿಷ್ಠ ವೇಗ 500 ಸುತ್ತಿಗೂ ಕೆಳಗೆ ಇಳಿಯಬಲ್ಲ ಫ್ಯಾನು ಕೇಳಿ. ಮುಂಭಾಗ ಗಾಜಿನಿಂದ ಮುಚ್ಚಿದ ಕ್ಯಾಬಿನೆಟ್ಟಿಗಿಂತ ಜಾಲರಿಯ ಮುಖದ ಕ್ಯಾಬಿನೆಟ್ ಮೇಲು. ಪ್ರೊಸೆಸರಿನ ಮೇಲೆ ಎರಡು ಗೋಪುರದ ದೊಡ್ಡ ಹೀಟ್‌ಸಿಂಕ್ (ಬಿಸಿಯನ್ನು ಗಾಳಿಗೆ ಬಿಡುವ ಲೋಹದ ಎಲೆಗಳ ಕಟ್ಟು) ಕೂರಿಸಿ. ಕ್ಯಾಬಿನೆಟ್ಟಿನ ಅಗಲಕ್ಕೆ ಅದರ ಎತ್ತರ ಹಿಡಿಸುತ್ತದೆಯೇ ಎಂದು ಅಳೆದುಕೊಂಡು ಹೋಗುವುದು ಒಳ್ಳೆಯದು, ವಾಪಸು ಮಾಡಲು ಮತ್ತೆ ಆ ಟ್ರಾಫಿಕ್ಕಿನಲ್ಲಿ ಹೋಗುವುದು ಯಾರಿಗೂ ಬೇಡ.

ಬಯೋಸ್‌ನಲ್ಲಿ ಫ್ಯಾನಿನ ವೇಗದ ರೇಖೆಯನ್ನು ನೀವೇ ಗೊತ್ತುಮಾಡಬೇಕು. 75 ಡಿಗ್ರಿ ತನಕ ವೇಗ ಒಂದೇ ಸಮನಾಗಿರಲಿ, ಅಲ್ಲಿಂದ ಮುಂದೆ ಏರಲಿ, 90 ದಾಟಿದರೆ ಪೂರ್ತಿ ತಿರುಗಲಿ. ಉಷ್ಣತೆ ಕ್ಷಣಕ್ಕೊಮ್ಮೆ ಜಿಗಿದಾಗ ಫ್ಯಾನೂ ಜಿಗಿಯದಂತೆ ಕೆಲವು ಸೆಕೆಂಡುಗಳ ವಿಳಂಬ ಕೊಡುವ ಸೌಲಭ್ಯ ಅಲ್ಲೇ ಇರುತ್ತದೆ. ಇಷ್ಟು ಮಾಡಿದರೆ ಜಾರುವ ಶ್ರುತಿಯ ಕಾಟ ಬಹುಪಾಲು ಮುಗಿಯುತ್ತದೆ.

ದೂಳಿನ ಬಗ್ಗೆ ಹೇಳದೆ ಬೆಂಗಳೂರಿನ ಕಂಪ್ಯೂಟರಿನ ಮಾತು ಮುಗಿಯುವುದಿಲ್ಲ. ಬೀದಿಗೊಂದು ಕಟ್ಟಡ ಏಳುತ್ತಿರುವ ಊರಿನಲ್ಲಿ ಆರು ತಿಂಗಳಿಗೆ ಹೀಟ್‌ಸಿಂಕಿನ ಎಲೆಗಳ ನಡುವೆ ಕಂಬಳಿಯಂಥ ಪದರ ಕೂಡುತ್ತದೆ, ಅದೇ ಗಾಳಿಗಾಗಿ ಫ್ಯಾನ್ ಹೆಚ್ಚು ಕೂಗಬೇಕಾಗುತ್ತದೆ. ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಎಂದು ಗುರುತಿಟ್ಟುಕೊಂಡು ಬ್ಲೋವರಿನಿಂದ ಸ್ವಚ್ಛಗೊಳಿಸಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದಿರಬೇಕು. ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಸವೆಯುತ್ತದೆ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಕ್ಯಾಬಿನೆಟ್ಟಿನ ಪಕ್ಕದ ಹಲಗೆಯನ್ನು ತೆಗೆದಿಟ್ಟರೆ ತಂಪು ಎಂಬ ಸಲಹೆಯನ್ನು ಕೇಳಬೇಡಿ: ಗಾಳಿ ಸಾಗುವ ದಾರಿ ಕೆಟ್ಟು, ದೂಳು ಸೇರಿ, ಸದ್ದು ನೇರವಾಗಿ ಮೈಕಿಗೆ ಬರುತ್ತದೆ.

ವಾಟರ್ ಕೂಲಿಂಗ್ ಬಗ್ಗೆ ಕೇಳಿದ್ದೀರಿ. ನೀರು ಬಿಸಿಯನ್ನು ಪ್ರೊಸೆಸರಿನಿಂದ ರೇಡಿಯೇಟರಿಗೆ ಹೊತ್ತೊಯ್ಯುತ್ತದೆ, ಅಲ್ಲಿಂದ ಅದನ್ನು ತೆಗೆಯುವುದು ಮತ್ತೆ ಫ್ಯಾನೇ. ಜೊತೆಗೆ ಪಂಪಿನ ಸದ್ದು ಸೇರಿಕೊಳ್ಳುತ್ತದೆ, ಅದು ಸಣ್ಣದಾದರೂ ಒಂದೇ ಸ್ವರದ ಗುಂಗು. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಬಳಬಳ ಎನ್ನುತ್ತದೆ. 250 ವ್ಯಾಟ್ ಉರಿಯುವ ಯಂತ್ರಕ್ಕೆ ಅದರ ಪ್ರಯೋಜನ ಇದೆ. 90 ವ್ಯಾಟಿಗೆ ಕಟ್ಟಿದ ಪ್ರೊಸೆಸರಿಗೆ ದೊಡ್ಡ ಹೀಟ್‌ಸಿಂಕೇ ಹೆಚ್ಚು ಮೌನ, ಮತ್ತು ಅದರಲ್ಲಿ ಸೋರುವುದಕ್ಕೆ ಏನೂ ಇಲ್ಲ. ನಿಮ್ಮ ಬಜೆಟ್ಟಿನಲ್ಲಿ ಇದಕ್ಕೆ ಹಣ ಇಡಬೇಡಿ. ಫ್ಯಾನೇ ಇಲ್ಲದ ಕ್ಯಾಬಿನೆಟ್ಟುಗಳೂ ಸಿಗುತ್ತವೆ, ಅವು ಕಡಿಮೆ ವಿದ್ಯುತ್ತಿನ ಪ್ರೊಸೆಸರುಗಳಿಗೆಂದು ಮಾಡಿದವು. 2020ರ ಕೊನೆಯಲ್ಲಿ ಬಂದ ಎಂ1 ಚಿಪ್ಪಿನಿಂದ ಈಚೆಗೆ ಆ್ಯಪಲ್‌ನ ಮ್ಯಾಕ್‌ಬುಕ್ ಏರ್‌ಗಳಲ್ಲಿ ಫ್ಯಾನ್ ಇಲ್ಲ. ಮುದ್ರಣಕ್ಕೆ ಅಂಥದೊಂದನ್ನು ಬಳಸಿ ಮಿಕ್ಸಿಂಗನ್ನು ದೊಡ್ಡ ಕಂಪ್ಯೂಟರಿನಲ್ಲಿ ಮಾಡುವವರು ಹೆಚ್ಚುತ್ತಿದ್ದಾರೆ, ಮುಂದೆ ಹಣ ಕೂಡಿದಾಗ ಯೋಚಿಸಬಹುದು.

ಕಂಪ್ಯೂಟರನ್ನು ಹೊರಗಿಡುವ ನಿಮ್ಮ ಮೂರನೆಯ ಯೋಚನೆಯೇ ಮೂರರಲ್ಲಿ ಒಳ್ಳೆಯದು. ನಡುವೆ ಒಂದು ಇಟ್ಟಿಗೆ ಗೋಡೆ ಬಂದರೆ ಯಾವ ಪೆಟ್ಟಿಗೆಯೂ ಕೊಡಲಾರದ ಮೌನ ಸಿಗುತ್ತದೆ. ಆದರೆ ಮಗಳ ಕೋಣೆಯನ್ನು ಬಿಡಿ. ನಿಮಗೆ ಬೇಡವಾದ ಸದ್ದನ್ನೂ ಬಿಸಿಯನ್ನೂ ಓದುವ ಹುಡುಗಿಯ ತಲೆಗೆ ಕಟ್ಟಿದಂತಾಗುತ್ತದೆ, ಪರೀಕ್ಷೆಯ ತಿಂಗಳುಗಳೂ ಬೇಸಿಗೆಯ ತಿಂಗಳುಗಳೂ ಒಂದೇ. ಮೆಟ್ಟಿಲ ಕೆಳಗಿನ ಜಾಗವೇ ಸರಿ, ಆದರೆ ಅದು ನಿಮ್ಮ ಪ್ಲೈವುಡ್ ಪೆಟ್ಟಿಗೆಯ ದೊಡ್ಡಣ್ಣನಾಗದಂತೆ ನೋಡಿಕೊಳ್ಳಬೇಕು. ಬಾಗಿಲ ಕೆಳಭಾಗದಲ್ಲಿ ಒಂದಡಿ ಎತ್ತರದ ಜಾಲರಿ ಕೂರಿಸಿ, ಮೇಲೆ ವೆಂಟಿಲೇಟರ್ ಇದ್ದರೆ ಅದಕ್ಕೆ ಹೊಡೆದಿರುವ ಹಲಗೆಯನ್ನು ಕೀಳಿಸಿ. ಬಿಸಿಗಾಳಿ ತಾನಾಗಿ ಮೇಲೇರಿ ಹೋಗುತ್ತದೆ. ಆ ಜಾಗದ ಹೊರಗೋಡೆ ಪಶ್ಚಿಮಕ್ಕಿದ್ದರೆ ಸಂಜೆ ನಾಲ್ಕರ ಹೊತ್ತಿಗೆ ಒಳಗೆ ಎಷ್ಟು ಡಿಗ್ರಿ ಇರುತ್ತದೆ ಎಂದು ಒಂದು ಸಾಧಾರಣ ಥರ್ಮಾಮೀಟರಿನಲ್ಲಿ ಎರಡು ದಿನ ನೋಡಿ, 38 ದಾಟುವುದಾದರೆ ವೆಂಟಿಲೇಟರಿಗೆ ಒಂದು ನಿಧಾನದ ಎಕ್ಸಾಸ್ಟ್ ಫ್ಯಾನ್ ಬೇಕಾಗುತ್ತದೆ. ಜಾಲರಿಯ ಕಣ್ಣು ಸಣ್ಣದಿರಲಿ. ಬೆಚ್ಚಗಿನ ಜಾಗವೆಂದರೆ ಹಲ್ಲಿಗೆ ಬಲು ಪ್ರೀತಿ, ಪವರ್ ಸಪ್ಲೈ ಒಳಗೆ ಸೇರಿ ತಾನೂ ಸತ್ತು ಅದನ್ನೂ ಕೊಂದ ಹಲ್ಲಿಗಳನ್ನು ಈ ಕೈಯಿಂದಲೇ ತೆಗೆದಿದ್ದೇನೆ.

ಕೇಬಲ್ಲಿನ ಉದ್ದವೇ ಇಲ್ಲಿ ನಿಜವಾದ ತೊಡಕು. ಯುಎಸ್‌ಬಿ 2ರ ಕೇಬಲ್ಲಿಗೆ 5 ಮೀಟರ್ ಮಿತಿ, ಯುಎಸ್‌ಬಿ 3ರ ಸಾಧಾರಣ ಕೇಬಲ್ 3 ಮೀಟರಿನ ಆಚೆಗೆ ನಂಬಿಕೆಗೆ ಅರ್ಹವಲ್ಲ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್ಫೇಸ್ ನಿಮ್ಮ ಕೋಣೆಯಲ್ಲೇ ಇರಲಿ, ಮೈಕಿನ ಕೇಬಲ್ಲುಗಳನ್ನು ಮುಟ್ಟುವ ಅಗತ್ಯವಿಲ್ಲ. ಗೋಡೆಯಾಚೆಗೆ ಹೋಗಬೇಕಾದವು ಇಂಟರ್ಫೇಸಿನ ಒಂದು ಯುಎಸ್‌ಬಿ ಕೇಬಲ್, ಕೀಬೋರ್ಡು ಮೌಸುಗಳಿಗೆ ಪ್ರತ್ಯೇಕ ವಿದ್ಯುತ್ ಇರುವ ಹಬ್ಬಿನ ಇನ್ನೊಂದು ಕೇಬಲ್, ಪರದೆಯದೊಂದು. ಇಂಟರ್ಫೇಸನ್ನು ಆ ಹಬ್ಬಿಗೆ ಚುಚ್ಚಬೇಡಿ, ಅದಕ್ಕೆ ಅದರದೇ ದಾರಿ ಇರಲಿ. ಕಂಪ್ಯೂಟರನ್ನು ಗೋಡೆಗೆ ಅಂಟಿಕೊಂಡಂತೆ ಇಟ್ಟು, ನಿಮ್ಮ ಮೇಜನ್ನೂ ಅದೇ ಗೋಡೆಗೆ ತಂದರೆ 3 ಮೀಟರೊಳಗೆ ಎಲ್ಲ ಮುಗಿಯುತ್ತದೆ. ಅದಕ್ಕಿಂತ ದೂರವಾದರೆ ಆಪ್ಟಿಕಲ್ ಯುಎಸ್‌ಬಿ ಮತ್ತು ಎಚ್‌ಡಿಎಂಐ ಕೇಬಲ್ಲುಗಳಿವೆ, ಬೆಲೆ ಹೆಚ್ಚು, ಮಡಚಿದರೆ ಹಾಳು. ನೆಟ್‌ವರ್ಕ್ ಕೇಬಲ್ಲಿನಲ್ಲಿ ಧ್ವನಿ ಸಾಗಿಸುವ ಡಾಂಟೆಯಂಥ ವ್ಯವಸ್ಥೆಯಲ್ಲಿ 100 ಮೀಟರ್ ತನಕ ಹೋಗಬಹುದು, ಆದರೆ ಇಂಟರ್ಫೇಸನ್ನೇ ಬದಲಿಸಬೇಕಾಗುತ್ತದೆ. ಕೋಣೆಯ ಇಂಟರ್ಫೇಸಿಗೂ ಹೊರಗಿನ ಕಂಪ್ಯೂಟರಿಗೂ ಒಂದೇ ಸರ್ಕ್ಯೂಟಿನಿಂದ, ಒಂದೇ ಅರ್ತಿಂಗಿನಿಂದ ವಿದ್ಯುತ್ ಕೊಡಿ. ಬೇರೆ ಬೇರೆ ಕಡೆಯಿಂದ ಕೊಟ್ಟರೆ ಫ್ಯಾನಿನ ಸದ್ದು ಹೋಗಿ 50 ಹರ್ಟ್ಸ್‌ನ ವಿದ್ಯುತ್ ಗುಂಗು ಬಂದು ಕೂರುವ ಅಪಾಯವಿದೆ.

ಯುಪಿಎಸ್ ಕೂಡ ಹೊರಗೇ ಹೋಗಲಿ. ಆನ್‌ಲೈನ್ ಬಗೆಯ ಯುಪಿಎಸ್‌ನ ಫ್ಯಾನ್ ಸಾಮಾನ್ಯವಾಗಿ ಸದಾ ತಿರುಗುತ್ತಿರುತ್ತದೆ. ಲೈನ್ ಇಂಟರಾಕ್ಟಿವ್ ಬಗೆಯದು ಬಹುಮಟ್ಟಿಗೆ ಕರೆಂಟ್ ಹೋದಾಗ ಮಾತ್ರ ಸದ್ದು ಮಾಡುತ್ತದೆ. ಅದರ ಬೀಪ್ ಸದ್ದನ್ನು ತಂತ್ರಾಂಶದಲ್ಲಿ ನಿಲ್ಲಿಸಬಹುದು.

ಮನೆಯ ಕಾರಣದಿಂದಲೋ ಬಾಡಿಗೆಯ ಕಾರಣದಿಂದಲೋ ಗೋಡೆ ಕೊರೆಯುವಂತಿಲ್ಲ ಎಂದಾದರೆ ಮಾತ್ರ ಈಗಿರುವ ಪೆಟ್ಟಿಗೆಯನ್ನು ತಿದ್ದಿಕೊಳ್ಳಿ. 200 ವ್ಯಾಟ್ ಬಿಸಿಯನ್ನು ಒಳಗೆ 10 ಡಿಗ್ರಿಗಿಂತ ಹೆಚ್ಚು ಏರದಂತೆ ಹೊರತರಲು ಇಲ್ಲಿನ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 19 ಲೀಟರ್ ಗಾಳಿ ಸಾಗಬೇಕು, ಅಂದರೆ ನಿಮಿಷಕ್ಕೆ ಸುಮಾರು 40 ಘನ ಅಡಿ. ಅಷ್ಟು ಗಾಳಿ ಸದ್ದಿಲ್ಲದೆ ಹಾಯಬೇಕಾದರೆ ಒಳಬರುವುದಕ್ಕೊಂದು, ಹೊರಹೋಗುವುದಕ್ಕೊಂದು ತಲಾ ಆರಿಂಚು ಚದರದ ದಾರಿ ಬೇಕು, ಕೈ ತೂರುವ ರಂಧ್ರ ಸಾಲದು. ಒಳದಾರಿ ಕೆಳಗೆ ಮುಂದೆ, ಹೊರದಾರಿ ಮೇಲೆ ಹಿಂದೆ. ಎರಡನ್ನೂ ನೇರವಾಗಿ ಬಿಡದೆ, ಫೋಮ್ ಅಂಟಿಸಿದ ಹಲಗೆಗಳಿಂದ ಎರಡು ಸಲ ತಿರುಗಿಸಿ ತಂದರೆ ಗಾಳಿ ತಿರುವುಗಳಲ್ಲಿ ಹೊರಳಿ ಬರುತ್ತದೆ, ಸದ್ದು ಫೋಮಿನಲ್ಲಿ ಉಳಿಯುತ್ತದೆ. ತೀವ್ರ ಸ್ವರಗಳು ಚೆನ್ನಾಗಿ ಕರಗುತ್ತವೆ, ಮಂದ್ರದ ಗುಂಗು ಒಂದಿಷ್ಟು ಹೊರಬರುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಹೊರದಾರಿಯಲ್ಲಿ 140 ಮಿಲಿಮೀಟರಿನ ಎರಡು ನಿಧಾನದ ಫ್ಯಾನುಗಳಿರಲಿ. ಅವು ಕೆಟ್ಟು ನಿಂತರೆ ನಿಮಗೆ ತಿಳಿಯುವ ಹಾಗೆ ಒಳಗೊಂದು ಥರ್ಮಾಮೀಟರಿನ ತಂತಿ ಬಿಟ್ಟು ಅದರ ಮುಖವನ್ನು ಮೇಜಿನ ಮೇಲಿಡಿ. ಈ ದಾರಿಯ ಮುಖ್ಯ ಅಪಾಯ ಇದೇ: ಪೆಟ್ಟಿಗೆಯ ಮೌನದಲ್ಲಿ ಫ್ಯಾನು ಸತ್ತದ್ದು ಗೊತ್ತಾಗುವುದಿಲ್ಲ.

ಏಸಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಒಂದು ಟನ್ ಏಸಿ 3.5 ಕಿಲೊವ್ಯಾಟ್ ಬಿಸಿಯನ್ನು ತೆಗೆಯಬಲ್ಲದು, ನಿಮ್ಮ ಕಂಪ್ಯೂಟರಾಗಲಿ, ಕುಳಿತ ಮನುಷ್ಯನೊಬ್ಬನ ಮೈಯಿಂದ ಬರುವ 100 ವ್ಯಾಟಾಗಲಿ ಅದಕ್ಕೆ ಲೆಕ್ಕವಲ್ಲ. ಆದರೆ ಏಸಿಯ ಸದ್ದು ಕಂಪ್ಯೂಟರಿಗಿಂತ ಹೆಚ್ಚು. ಕಲಾವಿದರು ಬರುವ ಅರ್ಧ ಗಂಟೆ ಮೊದಲು ಕೋಣೆಯನ್ನು 24 ಡಿಗ್ರಿಗೆ ಇಳಿಸಿ, ಟೇಕ್ ಹೊತ್ತಿಗೆ ಆರಿಸಿ, ನಡುವೆ ಮತ್ತೆ ಹಾಕುವ ರೂಢಿಯೇ ವಾಸಿ.

ಮೈಕಿನ ದಿಕ್ಕೂ ಬಿಟ್ಟಿಯಾಗಿ ಸಿಗುವ ಲಾಭ. ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಹಿಂದಿನದನ್ನು ಎಲ್ಲಕ್ಕಿಂತ ಕಡಿಮೆ ಕೇಳುತ್ತದೆ, ಪಕ್ಕದಿಂದ ಬರುವುದನ್ನು ಎದುರಿನದಕ್ಕಿಂತ 6 ಡೆಸಿಬೆಲ್ ಮಾತ್ರ ಕಡಿಮೆ ಕೇಳುತ್ತದೆ. ಸೂಪರ್ ಕಾರ್ಡಿಯಾಯ್ಡ್ ಆದರೆ ಅದರ ಕಿವುಡು ನೇರ ಬೆನ್ನಿಗಲ್ಲ, ಸುಮಾರು 126 ಡಿಗ್ರಿಯ ಓರೆಯಲ್ಲಿ. ಸದ್ಯಕ್ಕೆ ಪೆಟ್ಟಿಗೆಯ ಬಾಗಿಲು ತೆರೆದು ಕೆಲಸ ಮಾಡುತ್ತಿದ್ದೀರಲ್ಲ, ಪೆಟ್ಟಿಗೆ ಮೈಕಿನ ಬೆನ್ನಿಗೆ ಬರುವಂತೆಯೂ, ತೆರೆದ ಬಾಗಿಲು ಮೈಕಿಗೆ ಎದುರಾಗದೆ ಮೂಲೆಯಲ್ಲಿ ಬಟ್ಟೆಯ ಪರದೆಯಿದ್ದರೆ ಅದರ ಕಡೆಗೆ ತಿರುಗುವಂತೆಯೂ ಇಂದೇ ಬದಲಿಸಬಹುದು.

ಕೆಲಸದ ಕ್ರಮ ಹೀಗಿರಲಿ. ಈ ವಾರ ಬಯೋಸ್‌ನ ಮಿತಿ, ಗ್ರಾಫಿಕ್ಸ್ ಕಾರ್ಡ್ ತೆಗೆಯುವುದು, ದೂಳು ಬಿಡಿಸುವುದು, ಮೈಕಿನ ದಿಕ್ಕು. ಆಮೇಲೆ ಮೌನದ ಪರೀಕ್ಷೆ. ಅದರಲ್ಲಿ ಸದ್ದು ಇನ್ನೂ ಅಡ್ಡಿಯೆನಿಸಿದರೆ ಹೀಟ್‌ಸಿಂಕ್, ಫ್ಯಾನು, ಎಸ್ಎಸ್‌ಡಿ ಕೊಳ್ಳಿ, ಉಳಿದ ಹಣದಲ್ಲಿ ಮೆಟ್ಟಿಲ ಕೆಳಗಿನ ಜಾಗಕ್ಕೆ ಹೋಗಿ. ಗೋಡೆ ಕೊರೆಸುವಾಗ ಎರಡಿಂಚಿನ ಪಿವಿಸಿ ಪೈಪು ಹಿಡಿಸುವಷ್ಟು ರಂಧ್ರ ಮಾಡಿಸಿ, ಏಕೆಂದರೆ ಎಚ್‌ಡಿಎಂಐ ಕೇಬಲ್ಲಿನ ತಲೆ ಕೇಬಲ್ಲಿಗಿಂತ ದಪ್ಪ. ರಂಧ್ರ ಕೊರೆಯುವ ಮೊದಲು ಗೋಡೆಯೊಳಗೆ ವೈರಿಂಗ್ ಹೋಗಿರುವ ಜಾಗವನ್ನು ಎಲೆಕ್ಟ್ರೀಷಿಯನ್ನಿಂದ ಗುರುತು ಹಾಕಿಸಿಕೊಳ್ಳಿ. ಕೇಬಲ್ ಎಳೆದಾದ ಮೇಲೆ ಪೈಪಿನ ಎರಡೂ ಬಾಯಿಗೆ, ಪೆಟ್ಟಿಗೆಯಿಂದ ಕಿತ್ತ ರಾಕ್‌ವೂಲನ್ನು ಕೈಗವಸು ಹಾಕಿಕೊಂಡು ತುರುಕಿ, ಮೇಲೆ ಪುಟ್ಟಿ ಮೆತ್ತಿ ಮುಚ್ಚಿ.